ಕಿಂಗ್ ಕರ್ಟಿಸ್ ಜಾಝ್ ಬಿಟ್ಟು ಕೆಟ್ಟನೇ?

ಪ್ರಶ್ನೆ: ನಮ್ಮದು ಮಂಗಳೂರು. ಮಗಳು ಆಲ್ಟೊ ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ. ಮೊನ್ನೆ ಅರೀಥಾ ಫ್ರಾಂಕ್ಲಿನ್ ಹಾಡಿದ ‘ರೆಸ್ಪೆಕ್ಟ್’ ಕೇಳುವಾಗ, ನಡುವೆ ಬರುವ ಸ್ಯಾಕ್ಸೋಫೋನ್ ಯಾರದು ಅಂತ ಕೇಳಿದಳು. ಹುಡುಕಿದರೆ ಕಿಂಗ್ ಕರ್ಟಿಸ್ ಅನ್ನುವ ಹೆಸರು ಸಿಕ್ಕಿತು. ಒಂದು ಕಡೆ ಜಾಝ್ ವಾದಕ ಅಂತಾರೆ, ಇನ್ನೊಂದು ಕಡೆ ರಿದಮ್ ಅಂಡ್ ಬ್ಲೂಸ್, ಮತ್ತೊಂದು ಕಡೆ ರಾಕ್ ಅಂಡ್ ರೋಲ್. ಅಷ್ಟು ಚೆನ್ನಾಗಿ ನುಡಿಸುವವನು ಜಾಝ್ ಬಿಟ್ಟು ಬೇರೆಯವರ ಹಾಡಿಗೆ ಒಗ್ಗರಣೆ ಹಾಕಿಕೊಂಡು ಕೂತಿದ್ದು ಯಾಕೆ? ಪ್ರತಿಭೆ ಹಾಳು ಮಾಡಿಕೊಂಡ ಹಾಗೆ ಅಲ್ವಾ? ಮಗಳಿಗೆ ಅವನ ಯಾವ ರೆಕಾರ್ಡ್ ಕೇಳಿಸಲಿ?

ಉತ್ತರ: ಇಲ್ಲ, ಹಾಳು ಮಾಡಿಕೊಳ್ಳಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಪ್ರಕಾರ ಅವನ ನಿಜವಾದ ವಿದ್ಯೆಯೇ ಆ ಒಗ್ಗರಣೆ. ಅರ್ಧ ಗಂಟೆ ವಿಸ್ತಾರವಾಗಿ ನುಡಿಸಿ ಚೆನ್ನಾಗಿದ್ದಾನೆ ಅನಿಸಿಕೊಳ್ಳುವವರು ಜಾಝ್‌ನಲ್ಲಿ ಬೇಕಾದಷ್ಟು ಜನ ಇದ್ದಾರೆ. ಬೇರೆಯವರ ಹಾಡಿನ ಮಧ್ಯೆ ಕಾಲು ನಿಮಿಷ ಸಿಕ್ಕಾಗ ಅಷ್ಟರಲ್ಲೇ ಒಂದು ಮಾತು ಶುರು ಮಾಡಿ, ಬೆಳೆಸಿ, ಮುಗಿಸಿ, ಹಾಡನ್ನು ಮತ್ತೆ ಗಾಯಕಿಯ ಕೈಗೆ ಕೊಟ್ಟು ಹಿಂದೆ ಸರಿಯುವವರು ಬಹಳ ಕಡಿಮೆ. ಕರ್ಟಿಸ್ ಆ ಕೆಲಸದಲ್ಲಿ ಎಲ್ಲರಿಗಿಂತ ಮುಂದಿದ್ದ.

ಮೊದಲು ಊರಿನ ವಿಷಯ. ಹೆಸರು ಕರ್ಟಿಸ್ ಔಸ್ಲಿ. ಹುಟ್ಟಿದ್ದು 1934ರ ಫೆಬ್ರವರಿ 7ರಂದು, ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ. ಔಸ್ಲಿ ಅನ್ನುವುದು ದತ್ತು ತೆಗೆದುಕೊಂಡ ಮನೆಯ ಹೆಸರು. ಓದಿದ್ದು ಐ. ಎಂ. ಟೆರೆಲ್ ಹೈಸ್ಕೂಲಿನಲ್ಲಿ. ಬಿಳಿಯರಿಗೆ ಒಂದು ಶಾಲೆ, ಕರಿಯರಿಗೆ ಇನ್ನೊಂದು ಅಂತ ಇದ್ದ ಕಾಲ, ಇದು ಕರಿಯರ ಶಾಲೆ. ಈ ಒಂದೇ ಶಾಲೆಯಿಂದ ಆರ್ನೆಟ್ ಕೋಲ್ಮನ್ ಬಂದ, ಡ್ಯೂಯಿ ರೆಡ್ಮನ್ ಬಂದ, ಜೂಲಿಯಸ್ ಹೆಂಫಿಲ್ ಬಂದ. ಮೂವರೂ ಸ್ಯಾಕ್ಸೋಫೋನ್‌ನವರು, ಮೂವರೂ ಮುಂದೆ ಜಾಝ್‌ನ ಹಳೇ ಕಟ್ಟುಪಾಡುಗಳನ್ನು ಮುರಿದವರು. ಅದೇ ಶಾಲೆಯ ಕರ್ಟಿಸ್ ಪಾಪ್ ರೆಕಾರ್ಡಿನ ಕಡೆ ಹೋದ. ಹಾಗಂತ ಕೋಲ್ಮನ್ ಹುಟ್ಟಿನಿಂದಲೇ ಕ್ರಾಂತಿಕಾರಿಯಾಗಿ ಇಳಿದು ಬಂದವನಲ್ಲ. ಹುಡುಗನಾಗಿದ್ದಾಗ ಅವನೂ ಟೆಕ್ಸಾಸ್‌ನ ರಿದಮ್ ಅಂಡ್ ಬ್ಲೂಸ್ ಬ್ಯಾಂಡುಗಳಲ್ಲಿ ಕುಣಿಯುವವರಿಗಾಗಿ ನುಡಿಸಿದ್ದವನೇ. ಜಾಝ್ ಸ್ಯಾಕ್ಸೋಫೋನಿನ ದೊಡ್ಡ ಹೆಸರು ಜಾನ್ ಕೋಲ್ಟ್ರೇನ್ ಕೂಡ ಅಷ್ಟೇ: ಎಡ್ಡಿ ವಿನ್ಸನ್, ಅರ್ಲ್ ಬೋಸ್ಟಿಕ್ ಅವರ ಬ್ಯಾಂಡುಗಳಲ್ಲಿ ರಿದಮ್ ಅಂಡ್ ಬ್ಲೂಸ್ ನುಡಿಸಿಯೇ ಹೊಟ್ಟೆ ಹೊರೆದ.

ನೀವು ಕೇಳಿದ ‘ಜಾಝೋ, ರಿದಮ್ ಅಂಡ್ ಬ್ಲೂಸೋ’ ಅನ್ನುವ ಪ್ರಶ್ನೆಗೆ ಉತ್ತರ ಹೆಚ್ಚುಕಡಿಮೆ ಇಲ್ಲೇ ಇದೆ. ಆ ಗೋಡೆ ಕಟ್ಟಿದವರು ರೆಕಾರ್ಡ್ ಅಂಗಡಿಯವರು ಮತ್ತು ವಿಮರ್ಶಕರು. ನುಡಿಸುವವರಿಗೆ ಅದು ಅಷ್ಟಾಗಿ ಗೊತ್ತಿರಲಿಲ್ಲ. ಟೆಕ್ಸಾಸ್‌ನ ಟೆನರ್ (ಆಲ್ಟೊಗಿಂತ ತಗ್ಗು ದನಿಯ ಸ್ಯಾಕ್ಸೋಫೋನ್) ವಾದಕರಿಗಂತೂ ಇಲ್ಲವೇ ಇಲ್ಲ. 1942ರಲ್ಲಿ ಲಯೊನೆಲ್ ಹ್ಯಾಂಪ್ಟನ್ ಬ್ಯಾಂಡಿನ ‘ಫ್ಲೈಯಿಂಗ್ ಹೋಮ್’ ರೆಕಾರ್ಡಿನಲ್ಲಿ ಇಲಿನಾಯ್ ಜಾಕೆ ಅನ್ನುವ ಹ್ಯೂಸ್ಟನ್‌ನಲ್ಲಿ ಬೆಳೆದ ಹುಡುಗ ಒಂದು ಟೆನರ್ ಸೋಲೋ ನುಡಿಸಿದ. ಆಮೇಲೆ ಆ ಜಾಗಕ್ಕೆ ಬಂದವರೆಲ್ಲ ಅದನ್ನೇ ನುಡಿಸಬೇಕಾಯಿತು, ಜನ ಬಿಡಬೇಕಲ್ಲ! ದಪ್ಪ ಸದ್ದು, ಗಂಟಲಲ್ಲಿ ಗುರುಗುಟ್ಟುತ್ತಾ ಊದುವುದು, ಒಂದೇ ಸ್ವರವನ್ನು ಹಿಡಿದು ಜನ ಎದ್ದು ನಿಲ್ಲುವವರೆಗೂ ಬಾರಿಸುವುದು, ಇದೆಲ್ಲ ಆ ಪರಂಪರೆ. ರಿದಮ್ ಅಂಡ್ ಬ್ಲೂಸ್ ಸ್ಯಾಕ್ಸೋಫೋನ್ ಹುಟ್ಟಿದ್ದು ಅಲ್ಲಿಂದ. ಅಂದರೆ ಜಾಝ್ ಬ್ಯಾಂಡಿನ ಹೊಟ್ಟೆಯಿಂದ. ಕರ್ಟಿಸ್ ಕಾಲೇಜು ಸ್ಕಾಲರ್‌ಶಿಪ್ ಬಿಟ್ಟು ಸೇರಿಕೊಂಡಿದ್ದೂ ಇದೇ ಹ್ಯಾಂಪ್ಟನ್ ಬ್ಯಾಂಡನ್ನ. 1952ರ ಹೊತ್ತಿಗೆ ನ್ಯೂಯಾರ್ಕ್‌ನಲ್ಲಿ ತಳವೂರಿದ.

ಅಲ್ಲಿ ಅವನು ಸೆಷನ್ ಕೆಲಸ, ಅಂದರೆ ಬೇರೆಯವರ ರೆಕಾರ್ಡಿಗೆ ಸ್ಟುಡಿಯೋದಲ್ಲಿ ನುಡಿಸುವ ಕೆಲಸ ಹಿಡಿದ. ಇದರ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಬಹಳ ಜನ ಇದನ್ನು ಕೂಲಿ ಕೆಲಸ ಅಂದುಕೊಂಡಿದ್ದಾರೆ. ಸ್ಟುಡಿಯೋದಲ್ಲಿ ಮೂರು ಗಂಟೆಯ ಒಂದು ಪಾಳಿ. ಅಷ್ಟರಲ್ಲಿ ಮೂರೋ ನಾಲ್ಕೋ ಹಾಡು ಮುಗಿಯಬೇಕು. ಎಷ್ಟೋ ಸಲ ಹಾಡನ್ನು ಮೊದಲ ಬಾರಿಗೆ ಕೇಳುವುದೇ ಅಲ್ಲಿಗೆ ಹೋದ ಮೇಲೆ. ಗಾಯಕ ಯಾರು, ಅವರ ಶ್ರುತಿ ಯಾವುದು, ಹಾಡು ತಮಾಷೆಯದೋ ಅಳುವುದೋ, ಇದನ್ನೆಲ್ಲ ಕೂತಲ್ಲೇ ಗ್ರಹಿಸಿ, ‘ಹಾಂ, ಇಲ್ಲಿ ನೀನು’ ಅಂತ ಕೈ ತೋರಿಸಿದ ಕ್ಷಣದಲ್ಲಿ ಊದಬೇಕು. ತಪ್ಪಿದರೆ ಎಲ್ಲರೂ ಮೊದಲಿಂದ ಶುರು. ಈ ಕೆಲಸಕ್ಕೆ ಅವನನ್ನು ಮತ್ತೆ ಮತ್ತೆ ಕರೆದರು ಅಂದರೆ ಅದು ಸುಮ್ನೆ ಅಲ್ಲ.

1958ರ ‘ಯಾಕಿಟಿ ಯಾಕ್’ ತೆಗೆದುಕೊಳ್ಳಿ. ಕೋಸ್ಟರ್ಸ್ ಅನ್ನುವ ತಂಡದ ಹಾಡು, ಲೀಬರ್ ಮತ್ತು ಸ್ಟೋಲರ್ ಬರೆದಿದ್ದು, ಅಮೆರಿಕದ ಪಾಪ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಹಾಡು ಎರಡು ನಿಮಿಷವೂ ಇಲ್ಲ. ಅಪ್ಪ ಅಮ್ಮ ಮಗನಿಗೆ ಮನೆ ಕೆಲಸ ಹೇಳುತ್ತಾ ಹೋಗುತ್ತಾರೆ: ಕಸ ಹಾಕು, ಕೋಣೆ ಗುಡಿಸು. ಕೊನೆಗೆ ಒಂದು ಗಡಸು ಗಂಡು ದನಿ, ಎದುರು ಮಾತಾಡಬೇಡ ಅಂತ ಗದರಿಸುತ್ತದೆ. ಹುಡುಗನಿಗೆ ಇಡೀ ಹಾಡಿನಲ್ಲಿ ಗೊಣಗಾಟ ಬಿಟ್ಟರೆ ಬೇರೆ ಮಾತಿಲ್ಲ. ಆಮೇಲೆ ಸ್ಯಾಕ್ಸೋಫೋನ್ ಬರುತ್ತದೆ. ಸ್ವರಗಳೆಲ್ಲ ಗಿಡ್ಡ, ಚೂರುಚೂರು, ಒಂದಕ್ಕೊಂದು ಅಂಟುವುದೇ ಇಲ್ಲ. ನಾಲಿಗೆಯ ತುದಿಯಿಂದ ರೀಡನ್ನು (ಊದುವ ಬಾಯಿಯಲ್ಲಿರುವ ತೆಳು ಪಟ್ಟಿ) ತಟ್ಟಿ ತಟ್ಟಿ ಗಾಳಿ ಕತ್ತರಿಸುವ ತಂತ್ರ ಅದು. ನನಗೆ ಅದು ಆ ಹುಡುಗನೇ ಎದುರು ಮಾತಾಡಿದ ಹಾಗೆ ಕೇಳಿಸುತ್ತದೆ. ಹಾಡಿನ ಮಾತಿನಲ್ಲಿ ಅವನಿಗೆ ಅವಕಾಶ ಇಲ್ಲ, ಹಾಗಾಗಿ ವಾದ್ಯದಲ್ಲಿ ಬಾಯಿಗೆ ಬಂದ ಹಾಗೆ ವಟಗುಟ್ಟಿ ಓಡಿಹೋಗುತ್ತಾನೆ. ಬರೀ ಟೆಕ್ನಿಕ್ ಇದ್ದವನು ಅಲ್ಲಿ ಬ್ಲೂಸ್ ಸ್ಕೇಲನ್ನು ಮೇಲಿಂದ ಕೆಳಗೆ ಉರುಳಿಸಿ ಎದ್ದು ಹೋಗುತ್ತಿದ್ದ. ಕರ್ಟಿಸ್ ಕಥೆ ಕೇಳಿಸಿಕೊಂಡು ನುಡಿಸಿದ್ದಾನೆ.

ಈ ಚೂರುಚೂರು ಶೈಲಿ ಎಷ್ಟು ಹಬ್ಬಿತು ಅಂದರೆ, ಬೂಟ್ಸ್ ರ‍್ಯಾಂಡಾಲ್ಫ್ ಅನ್ನುವವನು ಇದೇ ಸೋಲೋದಿಂದ ಹುಟ್ಟಿದ ‘ಯಾಕಿಟಿ ಸ್ಯಾಕ್ಸ್’ ಅನ್ನುವ ಟ್ಯೂನ್ ಹೊರತಂದ. ನೀವು ಅದನ್ನು ಖಂಡಿತ ಕೇಳಿರುತ್ತೀರಿ. ಬೆನ್ನಿ ಹಿಲ್ ಟಿವಿ ಕಾರ್ಯಕ್ರಮದಲ್ಲಿ ಎಲ್ಲರೂ ಒಬ್ಬರ ಹಿಂದೆ ಒಬ್ಬರು ಓಡುವಾಗ ಬರುತ್ತಿತ್ತಲ್ಲ, ಅದೇ. ಇವತ್ತಿಗೂ ತಮಾಷೆ ವಿಡಿಯೋಗಳಿಗೆ ಜನ ಅದನ್ನೇ ಹಾಕುತ್ತಾರೆ. ಮೂಲ ಯಾರದ್ದು ಅಂತ ಯಾರಿಗೂ ಗೊತ್ತಿಲ್ಲ.

ಅದೇ 1958ರಲ್ಲಿ ರಾಕ್ ಅಂಡ್ ರೋಲ್ ಗಾಯಕ ಬಡ್ಡಿ ಹಾಲಿ ಅವನನ್ನು ನ್ಯೂ ಮೆಕ್ಸಿಕೋದ ಕ್ಲೋವಿಸ್‌ಗೆ ಕರೆಸಿಕೊಂಡ. ಅಲ್ಲಿ ‘ರೆಮಿನಿಸಿಂಗ್’ ಹಾಡಿಗೆ ನುಡಿಸಿದ. ಅದೇ ಭೇಟಿಯಲ್ಲಿ ವೇಲನ್ ಜೆನ್ನಿಂಗ್ಸ್ ಅನ್ನುವ ಹುಡುಗನ ಮೊದಲ ರೆಕಾರ್ಡಿಗೂ ನುಡಿಸಿದ. ಆ ಹುಡುಗ ಮುಂದೆ ಕಂಟ್ರಿ ಸಂಗೀತದ ದೊಡ್ಡ ಹೆಸರಾದ. ಯಾವ ಮನೆಗೆ ಹೋದರೂ ಅಲ್ಲಿಯವನೇ ಆಗುವ ಗುಣ ಅವನಿಗಿತ್ತು.

ಈಗ ದುಡ್ಡಿನ ವಿಷಯ. ‘ಯಾಕೆ’ ಅನ್ನುವುದಕ್ಕೆ ಇದು ದೊಡ್ಡ ಕಾರಣ, ಇದನ್ನು ಬಿಟ್ಟು ಕಲೆ ಕಲೆ ಅಂತ ಮಾತಾಡುವುದು ನನಗೆ ಇಷ್ಟ ಇಲ್ಲ. ಸೆಷನ್‌ಗೆ ಯೂನಿಯನ್ ನಿಗದಿ ಮಾಡಿದ ದರ ಕೈಗೆ ಬರುತ್ತದೆ, ಅಷ್ಟೇ. ಆ ರೆಕಾರ್ಡ್ ಲಕ್ಷ ಲಕ್ಷ ಮಾರಾಟವಾದರೂ ಸೋಲೋ ನುಡಿಸಿದವನಿಗೆ ಮುಂದೆ ರಾಯಲ್ಟಿ ಇಲ್ಲ. ಆದರೆ ಕೆಲಸ ದಿನಾ ಇರುತ್ತದೆ. ಜಾಝ್ ಕ್ಲಬ್ಬಿನ ಸಂಬಳ ನೆಚ್ಚಿಕೊಂಡು ನ್ಯೂಯಾರ್ಕ್‌ನಲ್ಲಿ ಬಾಡಿಗೆ ಕಟ್ಟುವುದು ದೊಡ್ಡ ದೊಡ್ಡವರಿಗೇ ಕಷ್ಟವಾಗಿತ್ತು. ಕರ್ಟಿಸ್ ಲೆಕ್ಕದಲ್ಲಿ ಬುದ್ಧಿವಂತ. ಸೆಷನ್ ಮಾಡುತ್ತಲೇ ತನ್ನ ಬ್ಯಾಂಡ್ ಕಟ್ಟಿದ, ಟ್ಯೂನ್ ಬರೆದ. ‘ರೆಮಿನಿಸಿಂಗ್’ ಹಾಡಿಗೆ ರಚನೆಕಾರ ಅಂತ ಇರುವುದು ಅವನ ಹೆಸರೇ. ‘ಸೋಲ್ ಸೆರೆನೇಡ್’ ಕೂಡ ಲೂಥರ್ ಡಿಕ್ಸನ್ ಜೊತೆ ಸೇರಿ ಬರೆದಿದ್ದು. ರಾಯಲ್ಟಿ ಬರುವುದು ಆ ದಾರಿಯಿಂದ.

ಹಾಗಾದರೆ ಜಾಝ್ ನುಡಿಸಲೇ ಇಲ್ಲವಾ? ನುಡಿಸಿದ. 1960ರಲ್ಲಿ ಪ್ರೆಸ್ಟೀಜ್ ಕಂಪನಿಗೆ ‘ದಿ ನ್ಯೂ ಸೀನ್ ಆಫ್ ಕಿಂಗ್ ಕರ್ಟಿಸ್’ ಅಂತ ಒಂದು ಆಲ್ಬಮ್ ಮಾಡಿದ. ಜೊತೆಗೆ ಯಾರಿದ್ದರು ನೋಡಿ: ಪಿಯಾನೋದಲ್ಲಿ ವಿಂಟನ್ ಕೆಲ್ಲಿ, ಬೇಸ್‌ನಲ್ಲಿ ಪಾಲ್ ಚೇಂಬರ್ಸ್. ಇಬ್ಬರೂ ಆಗ ಜಾಝ್ ಟ್ರಂಪೆಟ್‌ನ ದೊಡ್ಡ ಹೆಸರು ಮೈಲ್ಸ್ ಡೇವಿಸ್ ತಂಡದವರು. ಕಾರ್ನೆಟ್‌ನಲ್ಲಿ (ಟ್ರಂಪೆಟ್ ಜಾತಿಯ ವಾದ್ಯ) ನ್ಯಾಟ್ ಆಡರ್ಲಿ. ಅವನಿಗೆ ಬೇರೆ ಕಂಪನಿಯ ಕರಾರು ಇದ್ದಿದ್ದರಿಂದ ಕವರ್ ಮೇಲೆ ‘ಲಿಟಲ್ ಬ್ರದರ್’ ಅಂತ ಹಾಕಿದರು. ಅವನ ಅಣ್ಣ, ಹೆಸರಾಂತ ಸ್ಯಾಕ್ಸೋಫೋನ್ ವಾದಕ ಕ್ಯಾನನ್‌ಬಾಲ್ ಆಡರ್ಲಿ ಯಾರು ಅಂತ ಎಲ್ಲರಿಗೂ ಗೊತ್ತಿದ್ದ ಕಾಲದಲ್ಲಿ ಇದು ಗುಟ್ಟು ಅಂತ ಹೇಗಾಗುತ್ತದೋ ನನಗಂತೂ ತಿಳಿಯದು! ಅದೇ ವರ್ಷ ‘ಸೋಲ್ ಮೀಟಿಂಗ್’ ಬಂತು. ಆಲಿವರ್ ನೆಲ್ಸನ್ ಮತ್ತು ಜಿಮ್ಮಿ ಫಾರೆಸ್ಟ್ ಜೊತೆ ಮೂರು ಟೆನರ್‌ಗಳ ‘ಸೋಲ್ ಬ್ಯಾಟಲ್’ ಕೂಡ ರೆಕಾರ್ಡ್ ಆಗಿದ್ದು ಆಗಲೇ. ಇವುಗಳನ್ನು ಕೇಳಿದರೆ ಅವನಿಗೆ ಜಾಝ್ ಬರುತ್ತಿರಲಿಲ್ಲ ಅನ್ನುವ ಮಾತು ಅಲ್ಲೇ ನಿಲ್ಲುತ್ತದೆ. ಉದ್ದ ಸೋಲೋ, ಸರಾಗ ಓಟ, ದಪ್ಪ ನಾದ, ಎಲ್ಲ ಇದೆ.

ಆದರೂ ಒಂದು ಮಾತು. ಒಳ್ಳೆಯ ಆಲ್ಬಮ್‌ಗಳೇ, ಆದರೆ 1960ರಲ್ಲಿ ಅಂಥ ಟೆನರ್ ಆಲ್ಬಮ್ ಇನ್ನೂ ಹತ್ತಾರು ಬಂದಿದ್ದವು. ಸಾನಿ ರಾಲಿನ್ಸ್, ಕೋಲ್ಟ್ರೇನ್ ಇದ್ದ ಊರಿನಲ್ಲಿ ಇವನು ‘ತುಂಬಾ ಚೆನ್ನಾಗಿ ನುಡಿಸುವ ಮತ್ತೊಬ್ಬ’ ಆಗಿರುತ್ತಿದ್ದ. ಕೋಸ್ಟರ್ಸ್ ಹಾಡಿನಲ್ಲಿ ಮಾತ್ರ ಅವನಿಗೆ ಸಾಟಿ ಇಲ್ಲ. ತನ್ನ ಶಕ್ತಿ ಎಲ್ಲಿದೆ ಅಂತ ಅವನಿಗೆ ಗೊತ್ತಿತ್ತು ಅಂತಲೇ ನನ್ನ ನಂಬಿಕೆ.

1962ರಲ್ಲಿ ‘ಸೋಲ್ ಟ್ವಿಸ್ಟ್’ ಬಂತು. ಎಂಜಾಯ್ ಅನ್ನುವ ಹಾರ್ಲೆಮ್‌ನ ಸಣ್ಣ ಕಂಪನಿ, ಬಾಬಿ ರಾಬಿನ್ಸನ್ ಅನ್ನುವವನದ್ದು. ಮಾತೇ ಇಲ್ಲದ ಈ ಟ್ಯೂನ್ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅದೇ ವರ್ಷ ಸೋಲ್ ಗಾಯಕ ಸ್ಯಾಮ್ ಕುಕ್ ತನ್ನ ‘ಹ್ಯಾವಿಂಗ್ ಎ ಪಾರ್ಟಿ’ ಹಾಡಿನಲ್ಲಿ ಆ ಟ್ಯೂನಿನ ಹೆಸರನ್ನೇ ಹೇಳಿ ಹಾಡಿದ. 1963ರ ಜನವರಿಯಲ್ಲಿ ಮಯಾಮಿಯ ಹಾರ್ಲೆಮ್ ಸ್ಕ್ವೇರ್ ಕ್ಲಬ್ಬಿನಲ್ಲಿ ಸ್ಯಾಮ್ ಕುಕ್ ಹಾಡಿದಾಗ ಜೊತೆಗಿದ್ದಿದ್ದು ಕರ್ಟಿಸ್ ಮತ್ತು ಅವನ ಬ್ಯಾಂಡು. ಕಂಪನಿಯವರು ಆ ಟೇಪನ್ನು ಡಬ್ಬಿಯಲ್ಲಿ ಮುಚ್ಚಿಟ್ಟರು, ಹೊರಗೆ ಬಂದಿದ್ದು 1985ರಲ್ಲಿ. ಆ ಹೊತ್ತಿಗೆ ಇಬ್ಬರೂ ಬದುಕಿರಲಿಲ್ಲ. 1966ರಲ್ಲಿ ಸ್ವಲ್ಪ ಕಾಲ ಕರ್ಟಿಸ್‌ನ ಬ್ಯಾಂಡಿನಲ್ಲಿ ಒಬ್ಬ ಗಿಟಾರ್ ಹುಡುಗ ಇದ್ದ, ಜಿಮಿ ಹೆಂಡ್ರಿಕ್ಸ್ ಅಂತ. 1965ರ ಆಗಸ್ಟ್ 15ರಂದು ಬೀಟಲ್ಸ್ ನ್ಯೂಯಾರ್ಕ್‌ನ ಶೇ ಸ್ಟೇಡಿಯಂನಲ್ಲಿ 55 ಸಾವಿರಕ್ಕೂ ಜಾಸ್ತಿ ಜನರ ಮುಂದೆ ಹಾಡಿದರಲ್ಲ, ಆ ದಿನ ಅವರಿಗಿಂತ ಮುಂಚೆ ವೇದಿಕೆ ಮೇಲೆ ಬಂದವರಲ್ಲಿ ಕರ್ಟಿಸ್ ಬ್ಯಾಂಡೂ ಇತ್ತು. ಇವೆಲ್ಲ ದೊಡ್ಡ ಹೆಸರುಗಳು, ಪಟ್ಟಿ ಇನ್ನೂ ಬೆಳೆಯುತ್ತದೆ. ಬಿಡಿ, ನಿಮ್ಮ ಮಗಳು ಕೇಳಿದ ಹಾಡಿಗೆ ಬರೋಣ.

‘ರೆಸ್ಪೆಕ್ಟ್’ ಮೂಲದಲ್ಲಿ ಓಟಿಸ್ ರೆಡಿಂಗ್ ಬರೆದು 1965ರಲ್ಲಿ ಹಾಡಿದ್ದು. ಅವನ ಹಾಡಿನಲ್ಲಿ ನಡುವಿನ ತಿರುವು ಇಲ್ಲ, ಒಂದೇ ಓಟ. 1967ರ ಫೆಬ್ರವರಿ 14ರಂದು ನ್ಯೂಯಾರ್ಕ್‌ನ ಅಟ್ಲಾಂಟಿಕ್ ಸ್ಟುಡಿಯೋದಲ್ಲಿ ಅರೀಥಾ ಇದನ್ನು ಹಾಡುವಾಗ ಮಧ್ಯೆ ಏನೋ ಒಂದು ಬೇಕು ಅನಿಸಿತು. ಆಗ ಸ್ಯಾಮ್ ಅಂಡ್ ಡೇವ್ ಹಾಡಿದ ‘ವೆನ್ ಸಮ್‌ಥಿಂಗ್ ಈಸ್ ರಾಂಗ್ ವಿತ್ ಮೈ ಬೇಬಿ’ ಅನ್ನುವ ನಿಧಾನದ ಹಾಡಿನ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಎತ್ತಿಕೊಂಡು ಇಲ್ಲಿಗೆ ಕೂರಿಸಿದರು. ಸಂಬಂಧವೇ ಇಲ್ಲದ ಜಾಗ ಅದು. ಹಾಡು ‘ಸಿ’ಯಲ್ಲಿ ಓಡುತ್ತಾ ಇರುತ್ತದೆ, ಇದ್ದಕ್ಕಿದ್ದಂತೆ ‘ಎಫ್ ಶಾರ್ಪ್ ಮೈನರ್’ಗೆ ಹಾರುತ್ತದೆ. ಸಿ ಮತ್ತು ಎಫ್ ಶಾರ್ಪ್ ಅಂದರೆ ಷಡ್ಜ ಮತ್ತು ಪ್ರತಿಮಧ್ಯಮ, ಅಷ್ಟು ದೂರ. ಮಗಳಿಗೆ ಹೇಳಿ, ಅವಳಿಗೆ ಥಟ್ಟನೆ ಅರ್ಥವಾಗುತ್ತದೆ. ಅರೀಥಾ ಬಾಯಿ ಮುಚ್ಚಿದ ತಕ್ಷಣ ಕೇಳುವವರ ಕಾಲ ಕೆಳಗಿನ ನೆಲವೇ ಬೇರೆಯಾಗಿರುತ್ತದೆ. ಆ ನೆಲದ ಮೇಲೆ ಕರ್ಟಿಸ್‌ಗೆ ಸಿಕ್ಕಿದ್ದು ಎಂಟು ಬಾರ್, ನಾಲ್ಕು ಎಣಿಕೆಗೆ ಒಂದು ಬಾರ್ ಲೆಕ್ಕದಲ್ಲಿ.

ಅವನು ಮಾಡುವುದು ಇಷ್ಟೇ. ಮೊದಲು ಹಾಡುವವರ ಹಾಗೆ ಒಂದು ಉದ್ದ ಕೂಗು. ಅರೀಥಾ ಬಿಟ್ಟ ಬಿಸಿ ಆರದ ಹಾಗೆ, ಆದರೆ ಆಕೆಯನ್ನು ಮೀರಿಸುವ ಹಟ ಇಲ್ಲದೆ. ಕಾರ್ಡ್‌ಗಳು ವಿಚಿತ್ರವಾಗಿವೆ ಅಂತ ತನ್ನ ಜಾಣತನ ತೋರಿಸಲು ಹೋಗುವುದಿಲ್ಲ. ಕೇಳುವವರಿಗೆ ಶ್ರುತಿ ಬದಲಾಗಿದ್ದು ಗೊತ್ತೇ ಆಗದ ಹಾಗೆ ಅದರ ಮೇಲೆ ಬ್ಲೂಸ್ ಹಾಡುತ್ತಾನೆ. ಕೊನೆಯ ಬಾರ್‌ನಲ್ಲಿ ಕಾರ್ಡ್ ‘ಜಿ’ಗೆ ಬಂದು ಮನೆಯ ದಾರಿ ಹಿಡಿಯುತ್ತದೆ, ಅರೀಥಾ ಮತ್ತೆ ನುಗ್ಗುತ್ತಾಳೆ. ಕಾಲು ನಿಮಿಷ, ಅಷ್ಟೇ. ಇಡೀ ಹಾಡಿನಲ್ಲಿ ಸಂಗೀತದ ದೃಷ್ಟಿಯಿಂದ ಅತಿ ಅಪಾಯದ ಜಾಗ ಅದು, ಕೇಳಿಸುವುದು ಅತಿ ಸಹಜವಾಗಿ. ಜಾಝ್ ಕಲಿಯದವನು ಇದನ್ನು ಇಷ್ಟು ಸಲೀಸಾಗಿ ದಾಟುತ್ತಿರಲಿಲ್ಲ. ಹಾಗಾಗಿ ಅವನು ಜಾಝ್ ಬಿಟ್ಟ ಅನ್ನುವುದಕ್ಕಿಂತ, ಜಾಝನ್ನು ಬೇರೆಯವರ ಹಾಡಿನೊಳಗೆ ಸದ್ದಿಲ್ಲದೆ ಖರ್ಚು ಮಾಡಿದ ಅನ್ನಬಹುದು.

ಆಮೇಲಿನ ನಾಲ್ಕು ವರ್ಷ ಅವನು ವಾದಕ ಮಾತ್ರ ಆಗಿರಲಿಲ್ಲ. ಅಟ್ಲಾಂಟಿಕ್ ರೆಕಾರ್ಡ್ ಕಂಪನಿಯಲ್ಲಿ ನಿರ್ಮಾಪಕನಾದ. ಬ್ಲೂಸ್ ಗಿಟಾರ್‌ನ ಫ್ರೆಡ್ಡಿ ಕಿಂಗ್‌ಗೆ ಆಲ್ಬಮ್‌ಗಳನ್ನು ಮಾಡಿಕೊಟ್ಟ. ಗಾಯಕ ಡಾನಿ ಹ್ಯಾಥವೇಯನ್ನು ಕಂಪನಿಗೆ ಪರಿಚಯಿಸಿದ. 1967ರಲ್ಲಿ ‘ಮೆಂಫಿಸ್ ಸೋಲ್ ಸ್ಟ್ಯೂ’ ಬಂತು, ಅದು ಭಲೇ ಮಜವಾದ ರೆಕಾರ್ಡ್. ಅಡುಗೆ ಹೇಳಿಕೊಡುವ ಹಾಗೆ, ಅರ್ಧ ಕಪ್ ಬೇಸ್ ಹಾಕಿ, ಈಗ ಡ್ರಮ್ಸ್, ಈಗ ಗಿಟಾರ್, ಒಂದು ಚಿಟಿಕೆ ಆರ್ಗನ್ ಅಂತ ಕರ್ಟಿಸ್ ತಾನೇ ಮಾತಾಡುತ್ತಾ ಒಂದೊಂದೇ ವಾದ್ಯವನ್ನು ಒಳಗೆ ಬಿಡುತ್ತಾನೆ. ಡುವೇನ್ ಆಲ್ಮನ್ ಗಿಟಾರ್ ಇರುವ ‘ಗೇಮ್ಸ್ ಪೀಪಲ್ ಪ್ಲೇ’ಗೆ 1970ರಲ್ಲಿ ಗ್ರ್ಯಾಮಿ ಬಂತು.

1971ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫಿಲ್ಮೋರ್ ವೆಸ್ಟ್‌ನಲ್ಲಿ ಮೂರು ರಾತ್ರಿ ಅರೀಥಾ ಹಾಡಿದಳು. ಹಿಪ್ಪಿಗಳ ಜಾಗ, ರಾಕ್ ಕೇಳುವ ಬಿಳಿ ಹುಡುಗರು. ಬ್ಯಾಂಡಿನ ಹೊಣೆ ಕರ್ಟಿಸ್‌ನದ್ದು. ಡ್ರಮ್ಸ್‌ನಲ್ಲಿ ಬರ್ನಾರ್ಡ್ ಪರ್ಡಿ, ಬೇಸ್‌ನಲ್ಲಿ ಜೆರಿ ಜೆಮಾಟ್, ಗಿಟಾರ್‌ನಲ್ಲಿ ಕಾರ್ನೆಲ್ ಡುಪ್ರಿ, ಆರ್ಗನ್‌ನಲ್ಲಿ ಬಿಲ್ಲಿ ಪ್ರೆಸ್ಟನ್. ಅರೀಥಾ ಬರುವ ಮುಂಚೆ ಇವರದೇ ಒಂದು ಸುತ್ತು ಇತ್ತು, ಅದು ‘ಲೈವ್ ಅಟ್ ಫಿಲ್ಮೋರ್ ವೆಸ್ಟ್’ ಅಂತ ಕರ್ಟಿಸ್ ಹೆಸರಿನಲ್ಲಿ ಬಂದಿದೆ. ಮೇಲೆ ಹೇಳಿದ ಎಂಟು ಬಾರ್‌ನ ಮನುಷ್ಯ ತನಗೆ ಬೇಕಾದಷ್ಟು ಹೊತ್ತು ಸಿಕ್ಕಾಗ ಏನು ಮಾಡುತ್ತಾನೆ ಅಂತ ಇಲ್ಲಿ ಗೊತ್ತಾಗುತ್ತದೆ. ಆಗಲೂ ಅವನು ಸ್ವರ ಪೋಲು ಮಾಡುವುದಿಲ್ಲ. ಬ್ಯಾಂಡನ್ನು ಮುಂದೆ ಬಿಟ್ಟು, ತಾನು ಬೇಕಾದಲ್ಲಿ ಮಾತ್ರ ಬಂದು ಹೋಗುತ್ತಾನೆ.

ಆ ವರ್ಷ ಜುಲೈನಲ್ಲಿ ಜಾನ್ ಲೆನನ್‌ನ ‘ಇಮ್ಯಾಜಿನ್’ ಆಲ್ಬಮ್ಮಿನ ಎರಡು ಹಾಡಿಗೆ ನುಡಿಸಿದ. ಆ ಆಲ್ಬಮ್ ಹೊರಗೆ ಬರುವ ಮುಂಚೆಯೇ, ಆಗಸ್ಟ್ 13ರಂದು, ನ್ಯೂಯಾರ್ಕ್‌ನ ಪಶ್ಚಿಮ 86ನೇ ಬೀದಿಯ ತನ್ನ ಮನೆಯ ಮುಂದೆ ಜಗಳವೊಂದರಲ್ಲಿ ಚಾಕು ಇರಿತಕ್ಕೆ ಸಿಕ್ಕಿ ಸತ್ತ. ಆಗ ಅವನಿಗೆ 37 ವರ್ಷ. ಅಂತ್ಯಕ್ರಿಯೆಯ ದಿನ ಅಟ್ಲಾಂಟಿಕ್ ಕಂಪನಿ ಕಚೇರಿ ಮುಚ್ಚಿತ್ತು. ಅರೀಥಾ ಹಾಡಿದಳು, ಅವನ ಬ್ಯಾಂಡು ‘ಸೋಲ್ ಸೆರೆನೇಡ್’ ನುಡಿಸಿತು.

ಅವನ ಹೆಸರು ನಮ್ಮ ತನಕ ಯಾಕೆ ಬರಲಿಲ್ಲ ಅನ್ನುವುದು ನಿಮ್ಮ ಪ್ರಶ್ನೆಯ ಒಳಗೇ ಇದೆ. ಆ ಕಾಲದ ಪಾಪ್ ಸಿಂಗಲ್ ರೆಕಾರ್ಡಿನ ಲೇಬಲ್ ಮೇಲೆ ಗಾಯಕರ ಹೆಸರು ಇರುತ್ತಿತ್ತು, ನುಡಿಸಿದವರ ಹೆಸರು ಇರುತ್ತಿರಲಿಲ್ಲ. ಜಾಝ್ ಎಲ್‌ಪಿಯ ಹಿಂದೆ ಮಾತ್ರ ಎಲ್ಲರ ಹೆಸರೂ ಇರುತ್ತಿತ್ತು. ಇತಿಹಾಸ ಬರೆಯುವವರು ಹೆಸರು ಇದ್ದ ಕಡೆ ಹೋದರು. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ 2000ದಲ್ಲಿ ಅವನನ್ನು ಸೇರಿಸಿಕೊಂಡಿತು, ಅದೂ ‘ಪಕ್ಕವಾದ್ಯದವರು’ ಅನ್ನುವ ಹೊಸ ವಿಭಾಗ ಮಾಡಿದ ಮೇಲೆ. ಸ್ವಂತ ನಂಬರ್ ಒನ್ ಇದ್ದವನನ್ನು ಅಲ್ಲಿ ಕೂರಿಸಿದ್ದು ನನಗೆ ಅಷ್ಟು ಸರಿ ಕಾಣುವುದಿಲ್ಲ, ಇರಲಿ.

ಈಗ ಮಗಳ ವಿಷಯ. ಮಂಗಳೂರಿನಲ್ಲಿ ಸ್ಯಾಕ್ಸೋಫೋನ್ ಅಂದರೆ ಕದ್ರಿ ಗೋಪಾಲನಾಥ್ ಅವರ ದಾರಿಯೇ. ಅದು ಆಲ್ಟೊ, ಕರ್ಟಿಸ್‌ನದ್ದು ಮುಖ್ಯವಾಗಿ ಟೆನರ್, ಗಾತ್ರದಲ್ಲಿ ದೊಡ್ಡದು, ಸದ್ದು ಕೆಳಗಿನದು. ಅದಕ್ಕಿಂತ ದೊಡ್ಡ ವ್ಯತ್ಯಾಸ ನಾಲಿಗೆಯಲ್ಲಿದೆ. ಅವಳು ಕಲಿಯುತ್ತಿರುವುದು ಗಮಕ, ಸ್ವರದಿಂದ ಸ್ವರಕ್ಕೆ ಕಡಿಯದೆ ಜಾರುವುದು. ಕರ್ಟಿಸ್ ಮಾಡುವುದು ಉಲ್ಟಾ, ಕಡಿಯುವುದು. ಆದ್ದರಿಂದ ‘ಯಾಕಿಟಿ ಯಾಕ್’ ಸೋಲೋ ಅವಳಿಗೆ ಮೊದಲು ವಿಚಿತ್ರ ಅನಿಸಬಹುದು. ಅಲ್ಲಿಂದ ಶುರು ಮಾಡಬೇಡಿ. ಮೊದಲು ‘ಸೋಲ್ ಸೆರೆನೇಡ್’ ಕೇಳಿಸಿ, 1964ರದ್ದು. ಅದು ಪೂರ್ತಿ ಹಾಡುವ ಹಾಗಿದೆ, ಟ್ಯೂನ್ ಸರಳ, ಬಾಯಲ್ಲಿ ಗುನುಗಿಕೊಂಡು ಎರಡೇ ದಿನದಲ್ಲಿ ನುಡಿಸಬಹುದು. ಆಮೇಲೆ ‘ರೆಸ್ಪೆಕ್ಟ್’ನ ಎಂಟು ಬಾರ್, ನಿಧಾನ ಮಾಡಿಕೊಂಡು. ಆಮೇಲೆ ಕೋಸ್ಟರ್ಸ್. ಒಂದೇ ಸ್ವರ ಹಿಡಿದು ಟು-ಟು-ಟು ಅಂತ ನಾಲಿಗೆ ತಟ್ಟುವುದನ್ನು ದಿನಾ ಐದು ನಿಮಿಷ ಮಾಡಿದರೆ ಸಾಕು, ತಾನಾಗಿ ಬರುತ್ತದೆ. ಗಂಟಲಿನ ಗುರುಗುಟ್ಟುವಿಕೆಗೆ ಸದ್ಯ ಕೈ ಹಾಕುವುದು ಬೇಡ. ಊದುತ್ತಲೇ ಗಂಟಲಲ್ಲಿ ದನಿ ತೆಗೆಯಬೇಕು, ಅಭ್ಯಾಸ ಆಗಿಬಿಟ್ಟರೆ ಕಛೇರಿಯಲ್ಲಿ ಆಲಾಪನೆ ಮಾಡುವಾಗಲೂ ಬಂದುಬಿಡುತ್ತದೆ, ಆಮೇಲೆ ಗುರುಗಳು ನನ್ನನ್ನ ಬೈತಾರೆ.

ಇವೆಲ್ಲ ಆದ ಮೇಲೆ ಫಿಲ್ಮೋರ್ ವೆಸ್ಟ್ ಆಲ್ಬಮ್ ಹಾಕಿ. ‘ಮೆಂಫಿಸ್ ಸೋಲ್ ಸ್ಟ್ಯೂ’ ಅದರಲ್ಲಿ ಮೊದಲಿಗೇ ಇದೆ. ಸ್ಯಾಕ್ಸೋಫೋನ್ ಬರಲು ಸ್ವಲ್ಪ ಹೊತ್ತು ಕಾಯಬೇಕು, ಮುಂದೆ ಓಡಿಸಬೇಡಿ.